ಸ್ನೋರಿ ಸ್ಟುರ್ಲುಸನ್

ಸ್ನೋರಿ ಸ್ಟುರ್ಲುಸನ್ (೧೧೭೯ – ೨೩ ಸೆಪ್ಟೆಂಬರ್ ೧೨೪೧) ಮಧ್ಯಯುಗದ ಐಸ್‌ಲ್ಯಾಂಡಿನ ಕವಿ, ಇತಿಹಾಸಕಾರ, ಲಕ್ಷಣಕಾರ ಹಾಗೂ ರಾಜಕಾರಣಿ. ಉತ್ತರ ಯುರೋಪಿನ ಜನರು ಕ್ರೈಸ್ತಮತವನ್ನು ಸ್ವೀಕರಿಸುವ ಮುನ್ನ ಪೂಜಿಸುತ್ತಿದ್ದ ಓಡಿನ್, ಥೋರ್ ಮೊದಲಾದವರ ಕಥೆಗಳು ಇಂದು ನಾರ್ಸ್ ಪುರಾಣವೆಂದು ಪ್ರಸಿದ್ಧವಾಗಿವೆ. ಅವುಗಳನ್ನು ಸೃಷ್ಟಿಯಿಂದ ಪ್ರಳಯದವರೆಗೆ ಒಂದು ಕ್ರಮದಲ್ಲಿ ಜೋಡಿಸಿ ಗದ್ಯದಲ್ಲಿ ಬರೆದಿಟ್ಟ ಕೃತಿ ಈತನ ಎಡ್ಡ. ನಾರ್ವೆಯ ಅರಸರ ಚರಿತ್ರೆಯಾದ ಹೈಮ್ಸ್‌ಕ್ರಿಂಗ್ಲ ಈತನದೆಂದು ಹೇಳಲಾಗುವ ಇನ್ನೊಂದು ಮಹಾಕೃತಿ. ಐಸ್‌ಲ್ಯಾಂಡಿನ ಅತ್ಯುನ್ನತ ಪದವಿಯಾದ ಕಾನೂನುವಾಚಕನ ಸ್ಥಾನವನ್ನು ಈತ ಎರಡು ಬಾರಿ ಅಲಂಕರಿಸಿದ್ದ. ನಾರ್ವೆಯ ಅರಸನ ಕೋಪಕ್ಕೂ ಸ್ವಂತ ಬಂಧುಗಳ ದ್ವೇಷಕ್ಕೂ ಗುರಿಯಾಗಿ, ತನ್ನ ಮನೆಯ ನೆಲಮಾಳಿಗೆಯಲ್ಲಿಯೇ ಕೊಲೆಯಾದ.

ಐಸ್‌ಲ್ಯಾಂಡಿನಲ್ಲಿ ಮನೆತನದ ಹೆಸರಿನ ರೂಢಿಯಿಲ್ಲ. ಸ್ಟುರ್ಲುಸನ್ ಎಂದರೆ ಸ್ಟುರ್ಲನ ಮಗ ಎಂದರ್ಥ. ಆದ್ದರಿಂದ ಈತನನ್ನು ಸ್ನೋರಿ ಎಂದೇ ಕರೆಯುವುದು ವಾಡಿಕೆ.

ಕಾಲ ಮತ್ತು ಸಮಾಜ

ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಮುಖ್ಯವಾಗಿ ನಾರ್ವೆಯಿಂದ ಬಂದ ವಲಸೆಗಾರರು ಐಸ್‌ಲ್ಯಾಂಡಿನಲ್ಲಿ ನೆಲೆಸಿದರು. ಅವರಿಗೆ ಅರಸನಿರಲಿಲ್ಲ. ಸುಮಾರು ೯೩೦ರಲ್ಲಿ ಥಿಂಗ್‌ವೆಲ್ಲಿರ್ ಎಂಬ ಬಯಲಿನಲ್ಲಿ ಆಲ್ಥಿಂಗ್ ಎಂಬ ಮಹಾಸಭೆ ಆರಂಭವಾಯಿತು. ಪ್ರತಿ ಬೇಸಿಗೆಯಲ್ಲಿ ಅಲ್ಲಿ ಕಾನೂನುಗಳ ನಿರ್ಣಯವೂ ವ್ಯಾಜ್ಯಗಳ ತೀರ್ಮಾನವೂ ನಡೆಯುತ್ತಿದ್ದವು. ಆದರೆ ತೀರ್ಪನ್ನು ಜಾರಿಗೊಳಿಸುವ ಸೈನ್ಯವಾಗಲಿ ಕಾವಲುಪಡೆಯಾಗಲಿ ಇರಲಿಲ್ಲ. ಗೆದ್ದವನು ತನ್ನ ಬಲದಿಂದಲೇ ಅದನ್ನು ಜಾರಿಗೆ ತರಬೇಕಾಗಿತ್ತು. ಆರಂಭದಲ್ಲಿ ಅಧಿಕಾರವು ಅನೇಕ ಸ್ಥಳೀಯ ನಾಯಕರಲ್ಲಿ ಹಂಚಿಹೋಗಿತ್ತು. ಹನ್ನೆರಡನೆಯ ಶತಮಾನದ ಕೊನೆಯ ವೇಳೆಗೆ ಅದು ಕೆಲವೇ ಮನೆತನಗಳ ಕೈಗೆ ಬಂದಿತು. ಇವುಗಳಲ್ಲಿ ಸ್ನೋರಿಯ ಮನೆತನವೂ ಒಂದು. ಈ ಮನೆತನಗಳ ಪರಸ್ಪರ ಕಾದಾಟದ ಕಾಲವನ್ನು ಸ್ಟುರ್ಲುಂಗರ ಯುಗವೆಂದೇ ಇತಿಹಾಸಕಾರರು ಕರೆಯುತ್ತಾರೆ.

ಸುಮಾರು ೧೦೦೦ದಲ್ಲಿ ಆಲ್ಥಿಂಗ್‌ನ ನಿರ್ಣಯದಂತೆ ದ್ವೀಪವು ಕ್ರೈಸ್ತಮತವನ್ನು ಸ್ವೀಕರಿಸಿತ್ತು. ಹೀಗಾಗಿ ಸ್ನೋರಿ ಹುಟ್ಟುವ ವೇಳೆಗೆ ಹಳೆಯ ದೇವತೆಗಳ ಪೂಜೆ ನಿಂತು ಸುಮಾರು ೧೮೦ ವರ್ಷಗಳಾಗಿದ್ದವು. ಪೂಜೆ ನಿಂತಿದ್ದರೂ ಆ ದೇವತೆಗಳ ಹೆಸರು ಕಾವ್ಯದಲ್ಲಿ ಉಳಿದಿತ್ತು.

ಜನನ ಮತ್ತು ಬಾಲ್ಯ

ಸ್ನೋರಿ ೧೧೭೯ರಲ್ಲಿ ಪಶ್ಚಿಮ ಐಸ್‌ಲ್ಯಾಂಡಿನ ಹ್ವಾಮ್ ಎಂಬಲ್ಲಿ ಜನಿಸಿದ. ತಂದೆ ಸ್ಟುರ್ಲ ಥೋರ್ಡರ್ಸನ್, ತಾಯಿ ಗುಡ್ನಿ. ಥೋರ್ಡ್ ಮತ್ತು ಸಿಗ್ವಾಟ್ ಈತನ ಅಣ್ಣಂದಿರು. ತಂದೆ ಸ್ಟುರ್ಲ ವ್ಯಾಜ್ಯಪ್ರಿಯನೂ ಹಟವಾದಿಯೂ ಆಗಿದ್ದನೆಂದು ಆತನ ಚರಿತ್ರೆ ತಿಳಿಸುತ್ತದೆ.

ಸ್ನೋರಿಯ ಬಾಳಿನ ದಿಕ್ಕನ್ನು ನಿರ್ಧರಿಸಿದ್ದು ತಂದೆಯ ಇಂಥ ಒಂದು ವ್ಯಾಜ್ಯವೇ. ಪಾಲ್ ಎಂಬ ಪಾದ್ರಿಯೊಡನೆ ಆಸ್ತಿಯ ವಿಷಯದಲ್ಲಿ ಮಾತುಕತೆ ನಡೆಯುತ್ತಿದ್ದಾಗ, ಪಾದ್ರಿಯ ಹೆಂಡತಿ ಥೋರ್ಬ್ಯೋರ್ಗ್ ಚಾಕು ಹಿಡಿದು ಸ್ಟುರ್ಲನ ಮೇಲೆ ಎರಗಿದಳು. ಆತ ಓಡಿನ್‌ನಂತಾಗಲು ಬಯಸುವವನಾದ್ದರಿಂದ ಅವನನ್ನೂ ಒಕ್ಕಣ್ಣನನ್ನಾಗಿ ಮಾಡುವೆನೆಂಬುದು ಅವಳ ಮಾತಿನ ತಾತ್ಪರ್ಯ. ಓಡಿನ್ ಜ್ಞಾನಕ್ಕಾಗಿ ತನ್ನ ಒಂದು ಕಣ್ಣನ್ನೇ ಒತ್ತೆಯಿಟ್ಟ ದೇವರು. ಏಟು ಕಣ್ಣಿಗೆ ತಗಲದೆ ಕೆನ್ನೆಗೆ ತಗಲಿತು. ಸ್ಟುರ್ಲ ಭಾರಿ ಪರಿಹಾರ ಕೇಳಿದ. ಮಧ್ಯಸ್ಥಿಕೆ ವಹಿಸಿದ ಯೋನ್ ಲೋಫ್ಟ್ಸನ್ ಎಂಬ ನಾಯಕನು ಪರಿಹಾರದ ಮೊತ್ತವನ್ನು ತಗ್ಗಿಸಿ, ಸ್ಟುರ್ಲನ ಸಮಾಧಾನಕ್ಕಾಗಿ ಅವನ ಕಿರಿಯ ಮಗನನ್ನು ತನ್ನ ಮನೆಯಲ್ಲಿ ಸಾಕುವುದಾಗಿ ಒಪ್ಪಿಕೊಂಡ. ತನಗಿಂತ ಹಿರಿದಾದ ಮನೆಯಲ್ಲಿ ಮಗ ಬೆಳೆಯುವುದು ಅಂದಿನ ಸಮಾಜದಲ್ಲಿ ದೊಡ್ಡ ಗೌರವವಾಗಿತ್ತು.

ಹೀಗೆ ಸ್ನೋರಿ ಎಳೆಯ ವಯಸ್ಸಿನಲ್ಲಿಯೇ ದಕ್ಷಿಣ ಐಸ್‌ಲ್ಯಾಂಡಿನ ಒಡ್ಡಿ ಎಂಬ ಊರಿಗೆ ಬಂದ. ತಂದೆ ೧೧೮೩ರಲ್ಲಿ ತೀರಿಕೊಂಡ. ಒಡ್ಡಿ ಆ ಕಾಲದ ಪ್ರಸಿದ್ಧ ವಿದ್ಯಾಕೇಂದ್ರ. ಯೋನ್‌ನ ಅಜ್ಜ ಸೇಮುಂಡ್ ಪಂಡಿತನೆಂದೇ ಹೆಸರಾದವನು. ಯೋನ್‌ನ ತಾಯಿ ನಾರ್ವೆಯ ಅರಸ ಮೂರನೆಯ ಮ್ಯಾಗ್ನುಸ್‌ನ ಮಗಳು. ಕಾನೂನು, ಇತಿಹಾಸ ಮತ್ತು ಕಾವ್ಯಗಳ ಪರಿಚಯ ಬಾಲಕನಿಗೆ ಈ ಮನೆಯಲ್ಲಿ ಆಯಿತು. ನಾರ್ವೆಯ ರಾಜವಂಶದ ಮೇಲಿನ ಆಕರ್ಷಣೆಯೂ ಇಲ್ಲಿಂದಲೇ ಮೊದಲಾಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಸಂಪತ್ತು ಮತ್ತು ಅಧಿಕಾರ

ಪಿತ್ರಾರ್ಜಿತ ಆಸ್ತಿ ಸ್ನೋರಿಯ ಪಾಲಿಗೆ ಉಳಿದಿರಲಿಲ್ಲ. ೧೧೯೯ರಲ್ಲಿ ಆತ ಬೋರ್ಗ್‌ನ ಶ್ರೀಮಂತ ಬೆರ್ಸಿಯ ಮಗಳು ಹೆರ್ದೀಸಳನ್ನು ಮದುವೆಯಾದ. ೧೨೦೨ರಲ್ಲಿ ಮಾವ ಸತ್ತಾಗ ಬೋರ್ಗ್‌ನ ಜಮೀನು ಈತನ ಕೈಸೇರಿತು. ಬೋರ್ಗ್ ಹತ್ತನೆಯ ಶತಮಾನದ ಮಹಾಕವಿ ಎಗಿಲ್ ಸ್ಕಲ್ಲಗ್ರಿಮ್ಸನ್ ಬಾಳಿದ ಊರು. ಎಗಿಲ್‌ನ ಚರಿತ್ರೆಯನ್ನು ಬರೆದವನೂ ಸ್ನೋರಿಯೇ ಇರಬಹುದೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಹೆರ್ದೀಸಳಲ್ಲಿ ಈತನಿಗೆ ಹಾಲ್ಬೇರ ಎಂಬ ಮಗಳೂ ಯೋನ್ ಎಂಬ ಮಗನೂ ಹುಟ್ಟಿದರು. ಆದರೆ ದಾಂಪತ್ಯ ಬಹುಕಾಲ ಉಳಿಯಲಿಲ್ಲ.

ಸುಮಾರು ೧೨೦೬ರಲ್ಲಿ ಸ್ನೋರಿ ಹೆಂಡತಿಯನ್ನು ಬೋರ್ಗ್‌ನಲ್ಲಿಯೇ ಬಿಟ್ಟು ರೇಕ್‌ಹೋಲ್ಟ್ ಎಂಬಲ್ಲಿಗೆ ನೆಲೆ ಬದಲಾಯಿಸಿದ. ಅಲ್ಲಿ ಮನೆಯ ಸುತ್ತ ಕೋಟೆಗೋಡೆ ಕಟ್ಟಿಸಿದ. ಹತ್ತಿರದ ಬಿಸಿನೀರಿನ ಬುಗ್ಗೆಯಿಂದ ಕಾಲುವೆಯ ಮೂಲಕ ನೀರು ತುಂಬಿಸುವ, ಕಲ್ಲು ಕಟ್ಟಿದ ದುಂಡಗಿನ ಸ್ನಾನದ ಕೊಳ ಇಂದಿಗೂ ಅಲ್ಲಿದೆ. ಅದರ ಅಡ್ಡಳತೆ ಸುಮಾರು ೪ ಮೀಟರ್. ಅದಕ್ಕೆ ಸ್ನೋರಿಯ ಕೊಳವೆಂದೇ ಹೆಸರು. ಬೇರೆ ಸ್ತ್ರೀಯರಲ್ಲಿ ಈತನಿಗೆ ಓರೇಕ್ಯ ಎಂಬ ಮಗ, ಇಂಗಿಬ್ಯೋರ್ಗ್ ಮತ್ತು ಥೋರ್ದೀಸ್ ಎಂಬ ಹೆಣ್ಣುಮಕ್ಕಳು ಜನಿಸಿದರು.

೧೨೧೫ರಲ್ಲಿ ಸ್ನೋರಿ ಕಾನೂನುವಾಚಕನಾಗಿ ಆಯ್ಕೆಯಾದ. ದೇಶದ ಕಾನೂನನ್ನು ಮೂರು ಭಾಗ ಮಾಡಿ, ವರ್ಷಕ್ಕೊಂದು ಭಾಗದಂತೆ ಮಹಾಸಭೆಯಲ್ಲಿ ಬಾಯಿಪಾಠವಾಗಿ ಹೇಳುವುದು ಈ ಅಧಿಕಾರಿಯ ಪರಂಪರಾಗತ ಕರ್ತವ್ಯ. ೧೨೧೮ರವರೆಗೆ ಮತ್ತು ೧೨೨೨ರಿಂದ ೧೨೩೧ರವರೆಗೆ ಆತ ಈ ಪದವಿಯಲ್ಲಿದ್ದ.

೧೨೨೪ರಲ್ಲಿ ಯೋನ್ ಲೋಫ್ಟ್ಸನ್‌ನ ಮೊಮ್ಮಗಳೂ ವಿಧವೆಯೂ ಆದ ಹಾಲ್‌ವೇಗ್ ಓರ್ಮ್ಸ್‌ಡೋಟ್ಟಿರ್ ಎಂಬವಳೊಡನೆ ಆಸ್ತಿಗಳನ್ನು ಒಂದುಗೂಡಿಸಿಕೊಂಡು ಸಹಬಾಳ್ವೆ ಆರಂಭಿಸಿದ. ಇದರಿಂದ ಆತ ಐಸ್‌ಲ್ಯಾಂಡಿನ ಅತ್ಯಂತ ಸಿರಿವಂತನಾದ. ಹೆಣ್ಣುಮಕ್ಕಳನ್ನು ಪ್ರಬಲ ನಾಯಕರಿಗೆ ಮದುವೆ ಮಾಡಿಕೊಟ್ಟು ಬಲ ಹೆಚ್ಚಿಸಿಕೊಳ್ಳುವ ಪ್ರಯತ್ನವನ್ನೂ ಮಾಡಿದ. ಇಂಗಿಬ್ಯೋರ್ಗಳನ್ನು ಗಿಸುರ್ ಥೋರ್ವಾಲ್ಡ್ಸನ್ ಎಂಬವನಿಗೂ, ಹಾಲ್ಬೇರಳನ್ನು ಅವಳ ಮೊದಲ ಮದುವೆ ಮುರಿದ ಮೇಲೆ ಉತ್ತರ ಭಾಗದ ಕೋಲ್ಬೇನ್‌ಗೂ ಕೊಟ್ಟ. ಈ ಎರಡೂ ಮದುವೆಗಳು ಮುರಿದುಬಿದ್ದವು. ಆ ಅಳಿಯಂದಿರೇ ಮುಂದೆ ಆತನ ಪ್ರಾಣಕ್ಕೆ ಎರವಾದರು.

ನಾರ್ವೆಯ ಆಸ್ಥಾನದಲ್ಲಿ

೧೨೧೮ರಲ್ಲಿ ಸ್ನೋರಿ ನಾರ್ವೆಗೆ ಪ್ರಯಾಣ ಮಾಡಿದ. ಆಗ ಅರಸ ಹಾಕೋನ್ ಹಾಕೋನರ್ಸನ್ ಹದಿಹರೆಯದವನು. ಅಧಿಕಾರದ ಬಹುಭಾಗ ಸ್ಕೂಲಿ ಎಂಬ ಸಾಮಂತನ ಕೈಯಲ್ಲಿತ್ತು. ಸ್ನೋರಿ ಸ್ಕೂಲಿಯ ಅತಿಥಿಯಾಗಿ ಉಳಿದು ಅವನ ಆಪ್ತನಾದ. ೧೨೧೯ರಲ್ಲಿ ಸ್ವೀಡನ್ನಿನ ಗೋಟಲ್ಯಾಂಡಿಗೂ ಹೋಗಿಬಂದ.

ಆ ವೇಳೆಗೆ ನಾರ್ವೆಯ ವರ್ತಕರಿಗೂ ಒಡ್ಡಿಯ ಮನೆತನಕ್ಕೂ ಜಗಳವಾಗಿ, ಐಸ್‌ಲ್ಯಾಂಡಿನ ಮೇಲೆ ದಂಡೆತ್ತಿಹೋಗುವ ಆಲೋಚನೆ ನಾರ್ವೆಯಲ್ಲಿ ನಡೆದಿತ್ತು. ಯುದ್ಧಕ್ಕಿಂತ ಮನವೊಲಿಸುವುದೇ ಲೇಸೆಂದು ಹೇಳಿ ಸ್ನೋರಿ ಅದನ್ನು ತಡೆದ. ಅದಕ್ಕೆ ಬದಲಾಗಿ ತನ್ನ ದೇಶದವರು ಅರಸನ ಅಧೀನತೆಯನ್ನು ಒಪ್ಪುವಂತೆ ಮಾಡುವೆನೆಂದು ಮಾತುಕೊಟ್ಟ. ಅರಸ ಆತನಿಗೆ ಸಾಮಂತ ಪದವಿ ನೀಡಿದ. ಸ್ಕೂಲಿ ಒಂದು ಹಡಗನ್ನೂ ಅನೇಕ ಉಡುಗೊರೆಗಳನ್ನೂ ಕೊಟ್ಟ. ೧೨೨೦ರಲ್ಲಿ ಸ್ನೋರಿ ಸ್ವದೇಶಕ್ಕೆ ಮರಳಿದ. ಮಾತಿಗೆ ಒತ್ತೆಯಾಗಿ ಮಗ ಯೋನ್‌ನನ್ನು ನಾರ್ವೆಗೆ ಕಳುಹಿಸಿದ. ಆ ಮಗ ೧೨೩೧ರಲ್ಲಿ ಬೆರ್ಗೆನ್ ನಗರದಲ್ಲಿ ಒಂದು ಕಲಹದಲ್ಲಿ ಗಾಯಗೊಂಡು ಸತ್ತ.

ಈ ವಾಗ್ದಾನವೇ ಸ್ನೋರಿಯ ಚರಿತ್ರೆಯಲ್ಲಿ ಹೆಚ್ಚು ಚರ್ಚಿತವಾದ ಸಂಗತಿ. ದೇಶದ ಸ್ವಾತಂತ್ರ್ಯವನ್ನು ಪದವಿಗಾಗಿ ಮಾರಲು ಹೊರಟವನೆಂದು ಕೆಲವರು ಆತನನ್ನು ದೂರುತ್ತಾರೆ. ಮಾತಿನ ಚಾತುರ್ಯದಿಂದ ದಂಡಯಾತ್ರೆಯನ್ನು ತಪ್ಪಿಸಿ ಕಾಲ ದೂಡಿದವನೆಂದು ಇನ್ನು ಕೆಲವರು ಸಮರ್ಥಿಸುತ್ತಾರೆ. ಊರಿಗೆ ಮರಳಿದ ಮೇಲೆ ಆತ ಅರಸನ ಪರವಾಗಿ ಹೆಚ್ಚೇನನ್ನೂ ಮಾಡಲಿಲ್ಲವೆಂಬುದು ಮಾತ್ರ ಸ್ಪಷ್ಟ.

ಕೃತಿಗಳು

ಎಡ್ಡ

ಪ್ರಾಚೀನ ನಾರ್ಸ್ ಆಸ್ಥಾನಕಾವ್ಯದಲ್ಲಿ ವಸ್ತುಗಳನ್ನು ನೇರವಾಗಿ ಹೆಸರಿಸದೆ ಸುತ್ತುಮಾತಿನಿಂದ ಸೂಚಿಸುವ ಪದ್ಧತಿಯಿತ್ತು. ಇದನ್ನು ಕೆನ್ನಿಂಗ್ ಎನ್ನುತ್ತಾರೆ. ಹಡಗು ಕಡಲಿನ ಕುದುರೆಯಾಗುತ್ತದೆ. ಚಿನ್ನವು ಸಿಫ್ ದೇವಿಯ ಕೂದಲು, ನೀರುನಾಯಿಯ ಪರಿಹಾರ ಅಥವಾ ಫಾಫ್ನಿರ್‌ನ ಹಾಸಿಗೆಯಾಗುತ್ತದೆ. ಹಳೆಯ ಕಥೆಗಳು ತಿಳಿಯದವನಿಗೆ ಇಂಥ ಕಾವ್ಯ ಒಗಟಾಗಿಯೇ ಉಳಿಯುತ್ತದೆ. ಕ್ರೈಸ್ತ ಪರಿಸರದಲ್ಲಿ ಬೆಳೆದ ಹೊಸ ತಲೆಮಾರಿನ ಕವಿಗಳಿಗೆ ಈ ಕಥೆಗಳು ಮರೆತುಹೋಗುವ ಅಪಾಯವಿತ್ತು. ಅವರ ಶಿಕ್ಷಣಕ್ಕಾಗಿ ಸ್ನೋರಿ ೧೨೨೦ರ ದಶಕದಲ್ಲಿ ಎಡ್ಡವನ್ನು ರಚಿಸಿದನೆಂದು ತಿಳಿಯಲಾಗಿದೆ. ಆದ್ದರಿಂದ ಇದು ಮೂಲತಃ ಮತಗ್ರಂಥವಲ್ಲ, ಕಾವ್ಯದ ಲಕ್ಷಣಗ್ರಂಥ. ಸುಮಾರು ೧೩೦೦ರಿಂದ ೧೩೨೫ರ ನಡುವೆ ಬರೆದ ಉಪ್ಸಾಲದ ಹಸ್ತಪ್ರತಿಯಲ್ಲಿ ಕೃತಿಯ ಹೆಸರೂ ಸ್ನೋರಿಯ ಹೆಸರೂ ಇವೆ. ಎಡ್ಡ ಎಂಬ ಪದದ ಅರ್ಥ ವಿವಾದಾಸ್ಪದ. ಮುತ್ತಜ್ಜಿ ಎಂಬ ಅರ್ಥವನ್ನು ಕೆಲವರು ಹೇಳಿದರೆ, ಒಡ್ಡಿ ಎಂಬ ಊರಿನ ಹೆಸರಿನೊಡನೆ ಇನ್ನು ಕೆಲವರು ಸಂಬಂಧ ಕಲ್ಪಿಸುತ್ತಾರೆ.

ಕೃತಿಯಲ್ಲಿ ಪೀಠಿಕೆಯೊಂದಿಗೆ ಮೂರು ಭಾಗಗಳಿವೆ. ಪೀಠಿಕೆಯು ದೇವತೆಗಳನ್ನು ಏಷ್ಯಾದ ಟ್ರಾಯ್ ನಗರದಿಂದ ಬಂದ ಮಾನವ ವೀರರೆಂದೂ, ಜನ ಅವರನ್ನು ದೇವರೆಂದು ಭ್ರಮಿಸಿದರೆಂದೂ ವಿವರಿಸುತ್ತದೆ. ಕ್ರೈಸ್ತ ಲೇಖಕನೊಬ್ಬ ಹಳೆಯ ದೇವತೆಗಳ ಕಥೆಯನ್ನು ದೋಷಕ್ಕೆ ಗುರಿಯಾಗದೆ ಹೇಳಲು ಈ ವಿವರಣೆ ಅವಕಾಶ ಕೊಟ್ಟಿತು.

ಮೊದಲ ಭಾಗವಾದ ಗಿಲ್ಫಗಿನ್ನಿಂಗ್ ಪ್ರಶ್ನೋತ್ತರ ರೂಪದಲ್ಲಿದೆ. ಸ್ವೀಡನ್ನಿನ ಅರಸ ಗಿಲ್ಫಿ ವೇಷ ಮರೆಸಿಕೊಂಡು ದೇವತೆಗಳ ನೆಲೆಗೆ ಹೋಗಿ, ಸಿಂಹಾಸನಗಳ ಮೇಲೆ ಕುಳಿತ ಮೂವರನ್ನು ಪ್ರಶ್ನಿಸುತ್ತಾನೆ. ಅವರ ಉತ್ತರಗಳಲ್ಲಿ ಯಿಮಿರ್ ಎಂಬ ದೈತ್ಯನ ದೇಹದಿಂದ ಜಗತ್ತಿನ ಸೃಷ್ಟಿ, ಇಗ್ಡ್ರಾಸಿಲ್ ಎಂಬ ವಿಶ್ವವೃಕ್ಷ, ಅದರ ಬೇರನ್ನು ಕಡಿಯುತ್ತಿರುವ ನಿಡ್‌ಹೋಗ್ ಎಂಬ ಘಟಸರ್ಪ, ದೇವತೆಗಳ ಸಾಹಸಗಳು ಮತ್ತು ಕೊನೆಯ ರಗ್ನರಾಕ್ ಪ್ರಳಯ ಎಲ್ಲವೂ ಬರುತ್ತವೆ.

ಸ್ನೋರಿ ಚಿತ್ರಿಸುವ ದೇವತೆಗಳು ಸರ್ವಶಕ್ತರಲ್ಲ. ಪ್ರತಿಯೊಂದು ಗೆಲುವಿಗೂ ಅವರು ಬೆಲೆ ತೆರುತ್ತಾರೆ. ಫೆನ್ರಿರ್ ಎಂಬ ತೋಳವನ್ನು ಕಟ್ಟಲು ಬೆಕ್ಕಿನ ಹೆಜ್ಜೆಯ ಸಪ್ಪಳ, ಹೆಂಗಸಿನ ಗಡ್ಡ, ಬೆಟ್ಟದ ಬೇರು, ಕರಡಿಯ ನರ, ಮೀನಿನ ಉಸಿರು, ಹಕ್ಕಿಯ ಉಗುಳು ಎಂಬ ಆರು ವಸ್ತುಗಳಿಂದ ರೇಷ್ಮೆಯಂಥ ನಯವಾದ ಹಗ್ಗವೊಂದು ಸಿದ್ಧವಾಗುತ್ತದೆ. ಮೋಸವಿಲ್ಲವೆಂಬುದಕ್ಕೆ ಯಾರಾದರೂ ತನ್ನ ಬಾಯಲ್ಲಿ ಕೈಯಿಡಬೇಕೆಂದು ತೋಳ ಕೇಳಿದಾಗ ಮುಂದೆ ಬರುವವನು ಟೀರ್ ಒಬ್ಬನೇ. ತೋಳ ಸಿಕ್ಕಿಬೀಳುತ್ತದೆ, ಟೀರ್ ಕೈ ಕಳೆದುಕೊಳ್ಳುತ್ತಾನೆ.

ಬಲಶಾಲಿಯಾದ ಥೋರ್ ಉಟ್‌ಗಾರ್ಡಿನ ದೈತ್ಯರ ಅರಮನೆಗೆ ಹೋಗುವ ಪ್ರಸಂಗವೂ ಇಂಥದೇ. ಅಲ್ಲಿ ಆತ ಒಂದು ಕೊಂಬಿನ ಪಾನೀಯವನ್ನು ಕುಡಿದು ಮುಗಿಸಲಾರ, ಒಂದು ಬೆಕ್ಕನ್ನು ಎತ್ತಲಾರ, ಒಬ್ಬ ಮುದುಕಿಯನ್ನು ಕೆಡವಲಾರ. ಹೊರಡುವಾಗ ನಿಜಸ್ಥಿತಿ ತಿಳಿಯುತ್ತದೆ. ಕೊಂಬಿನ ತುದಿ ಸಮುದ್ರದಲ್ಲಿತ್ತು, ಬೆಕ್ಕು ಭೂಮಿಯನ್ನು ಸುತ್ತಿಕೊಂಡಿರುವ ಮಹಾಸರ್ಪವಾಗಿತ್ತು, ಮುದುಕಿ ಸಾಕ್ಷಾತ್ ಮುಪ್ಪೇ ಆಗಿದ್ದಳು. ಈ ಪ್ರಸಂಗದ ಸುಳಿವುಗಳು ಹಳೆಯ ಪದ್ಯಗಳಲ್ಲಿ ಇದ್ದರೂ ಪೂರ್ಣ ಕಥೆ ದೊರೆಯುವುದು ಸ್ನೋರಿಯಲ್ಲಿ. ಬಾಲ್ಡರ್ ಎಂಬ ಪ್ರಿಯ ದೇವತೆಯು ಕುರುಡ ಸೋದರನ ಕೈಯಿಂದ, ಲೋಕಿಯ ಕುತಂತ್ರದಿಂದ ಸಾಯುವ ಕಥೆಯನ್ನೂ ಆತ ವಿಸ್ತಾರವಾಗಿ ಹೇಳಿದ್ದಾನೆ.

ಎರಡನೆಯ ಭಾಗವಾದ ಸ್ಕಾಲ್ಡ್‌ಸ್ಕಾಪರ್ಮಾಲ್ ಕಾವ್ಯಭಾಷೆಯ ವಿವರಣೆ. ಚಿನ್ನಕ್ಕೆ ನೀರುನಾಯಿಯ ಪರಿಹಾರವೆಂಬ ಹೆಸರು ಏಕೆಂಬ ಪ್ರಶ್ನೆಗೆ ಉತ್ತರವಾಗಿ ಇಲ್ಲಿ ಫಾಫ್ನಿರ್‌ನ ಕಥೆ ಬರುತ್ತದೆ. ಲೋಕಿ ನೀರುನಾಯಿಯೊಂದನ್ನು ಕೊಲ್ಲುತ್ತಾನೆ. ಅದು ವೇಷ ಬದಲಿಸಿಕೊಂಡಿದ್ದ ಹ್ರೇಡ್‌ಮಾರ್‌ನ ಮಗ. ಪರಿಹಾರವಾಗಿ ದೇವತೆಗಳು ಕುಳ್ಳ ಆಂದ್ವಾರಿಯಿಂದ ಕಿತ್ತು ತಂದ ಚಿನ್ನಕ್ಕೆ ಅವನ ಶಾಪವೂ ಅಂಟಿರುತ್ತದೆ. ಇನ್ನೊಬ್ಬ ಮಗ ಫಾಫ್ನಿರ್ ಆ ಚಿನ್ನದಾಸೆಗೆ ತಂದೆಯನ್ನೇ ಕೊಂದು, ಘಟಸರ್ಪದ ರೂಪ ತಾಳಿ ಅದರ ಮೇಲೆ ಮಲಗುತ್ತಾನೆ. ಸಿಗುರ್ಡ್ ಎಂಬ ವೀರ ಅವನನ್ನು ಕೊಲ್ಲುತ್ತಾನೆ. ಈ ಕಥೆಯಲ್ಲಿ ಘಟಸರ್ಪವು ಹುಟ್ಟುವುದು ಲೋಭಿಯಾದ ಮನುಷ್ಯನಿಂದ ಎಂಬುದು ಗಮನಾರ್ಹ.

ಮೂರನೆಯ ಭಾಗವಾದ ಹಾಟ್ಟಾಟಾಲ್ ಛಂದೋಗ್ರಂಥ. ಹಾಕೋನ್ ಮತ್ತು ಸ್ಕೂಲಿಯರನ್ನು ಹೊಗಳುವ ೧೦೨ ಪದ್ಯಗಳಲ್ಲಿ ಬಗೆಬಗೆಯ ಛಂದಸ್ಸುಗಳಿಗೆ ಸ್ನೋರಿಯೇ ಲಕ್ಷ್ಯಗಳನ್ನು ರಚಿಸಿ, ನಡುನಡುವೆ ವ್ಯಾಖ್ಯಾನ ಕೊಟ್ಟಿದ್ದಾನೆ.

ಹೈಮ್ಸ್‌ಕ್ರಿಂಗ್ಲ

ಸುಮಾರು ೧೨೩೦ರಲ್ಲಿ ರಚಿತವಾದ ಹೈಮ್ಸ್‌ಕ್ರಿಂಗ್ಲ ನಾರ್ವೆಯ ಅರಸರ ೧೬ ಚರಿತ್ರೆಗಳ ಸಂಪುಟ. ಪುರಾಣಕಾಲದ ಇಂಗ್ಲಿಂಗ ವಂಶದಿಂದ ಆರಂಭಿಸಿ ೧೧೭೭ರವರೆಗಿನ ಘಟನೆಗಳನ್ನು ಇದು ಒಳಗೊಂಡಿದೆ. ಕೃತಿಯ ಸುಮಾರು ಮೂರನೆಯ ಒಂದು ಭಾಗ ಸಂತ ಓಲಾಫ್‌ನ ಚರಿತ್ರೆಗೆ ಮೀಸಲಾಗಿದೆ. ಭೂಮಂಡಲ ಎಂಬರ್ಥದ ಮೊದಲ ಪದಗಳಿಂದಲೇ ಕೃತಿಗೆ ಈ ಹೆಸರು ಬಂದಿದೆ. ಕರ್ತೃವಿನ ಹೆಸರನ್ನು ಹದಿನಾರನೆಯ ಶತಮಾನದ ಅನುವಾದಕರು ಹೇಳಿದ್ದು, ಬಹುಮಂದಿ ವಿದ್ವಾಂಸರು ಒಪ್ಪಿದ್ದಾರೆ.

ಆಧಾರಗಳ ಬಗ್ಗೆ ಲೇಖಕನು ಮುನ್ನುಡಿಯಲ್ಲಿ ಮಂಡಿಸಿರುವ ವಿಚಾರ ಪ್ರಸಿದ್ಧ. ಅರಸನ ಎದುರಿಗೇ ಹಾಡಿದ ಪದ್ಯಗಳನ್ನು ಆತ ಹೆಚ್ಚು ನಂಬುತ್ತಾನೆ. ಕವಿಗಳು ಹೊಗಳುವುದು ಸಹಜವಾದರೂ, ಮಾಡದ ಕಾರ್ಯವನ್ನು ಮಾಡಿದೆಯೆಂದು ಎಲ್ಲರ ಮುಂದೆ ಹೇಳಿದರೆ ಅದು ಹೊಗಳಿಕೆಯಾಗದೆ ಅಪಹಾಸ್ಯವಾಗುತ್ತದೆ ಎಂಬುದು ಆತನ ತರ್ಕ.

ಇದೇ ಕೃತಿಯಲ್ಲಿ ಐಸ್‌ಲ್ಯಾಂಡಿನ ರಕ್ಷಕ ದೇವತೆಗಳ ಕಥೆಯಿದೆ. ಡೆನ್ಮಾರ್ಕಿನ ಅರಸ ಹರಾಲ್ಡ್ ಕಳುಹಿಸಿದ ಮಾಂತ್ರಿಕನೊಬ್ಬ ತಿಮಿಂಗಿಲದ ರೂಪದಲ್ಲಿ ದ್ವೀಪವನ್ನು ಸುತ್ತುತ್ತಾನೆ. ಪೂರ್ವದಲ್ಲಿ ಘಟಸರ್ಪ, ಉತ್ತರದಲ್ಲಿ ಮಹಾಪಕ್ಷಿ, ಪಶ್ಚಿಮದಲ್ಲಿ ಗೂಳಿ, ದಕ್ಷಿಣದಲ್ಲಿ ದೈತ್ಯ ಅವನನ್ನು ತಡೆಯುತ್ತಾರೆ. ಇಂದಿನ ಐಸ್‌ಲ್ಯಾಂಡಿನ ರಾಷ್ಟ್ರಲಾಂಛನದಲ್ಲಿ ಗುರಾಣಿಯನ್ನು ಹಿಡಿದಿರುವವು ಈ ನಾಲ್ಕೇ.

ಕೊನೆಯ ವರ್ಷಗಳು

೧೨೩೫ರಲ್ಲಿ ಸ್ನೋರಿಯ ಅಣ್ಣ ಸಿಗ್ವಾಟ್‌ನ ಮಗ ಸ್ಟುರ್ಲ ಸಿಗ್ವಾಟ್ಸನ್, ದ್ವೀಪವನ್ನು ಅಧೀನಕ್ಕೆ ತರುವ ಹಾಕೋನ್‌ನ ಕಾರ್ಯವನ್ನು ವಹಿಸಿಕೊಂಡು ನಾರ್ವೆಯಿಂದ ಮರಳಿದ. ಮರುವರ್ಷ ಆತ ಚಿಕ್ಕಪ್ಪನನ್ನು ರೇಕ್‌ಹೋಲ್ಟ್‌ನಿಂದ ಓಡಿಸಿ, ಓರೇಕ್ಯನನ್ನು ಹಿಡಿದು ಅಂಗಭಂಗ ಮಾಡಿಸಿದ. ಸ್ನೋರಿ ೧೨೩೭ರಲ್ಲಿ ಮತ್ತೆ ನಾರ್ವೆಗೆ ಹೋದ. ೨೧ ಆಗಸ್ಟ್ ೧೨೩೮ರಂದು ಓರ್ಲಿಗ್‌ಸ್ಟಾಡಿರ್ ಎಂಬಲ್ಲಿ ನಡೆದ ಕಾಳಗದಲ್ಲಿ ಗಿಸುರ್ ಮತ್ತು ಕೋಲ್ಬೇನ್‌ರ ಪಡೆಗಳು ಸಿಗ್ವಾಟ್‌ನನ್ನೂ ಅವನ ಮಗ ಸ್ಟುರ್ಲನನ್ನೂ ಕೊಂದವು.

ಈ ಸುದ್ದಿ ತಿಳಿದ ಸ್ನೋರಿ ಊರಿಗೆ ಮರಳಲು ನಿರ್ಧರಿಸಿದ. ಆ ವೇಳೆಗೆ ಹಾಕೋನ್ ಮತ್ತು ಸ್ಕೂಲಿಯರ ನಡುವೆ ವೈರ ಬೆಳೆದಿತ್ತು. ಅರಸ ಪ್ರಯಾಣವನ್ನು ನಿಷೇಧಿಸಿ ಪತ್ರ ಕಳುಹಿಸಿದರೂ ಸ್ನೋರಿ ಲೆಕ್ಕಿಸದೆ ೧೨೩೯ರಲ್ಲಿ ಹಡಗು ಹತ್ತಿದ. ಹೊರಡುವ ಮುನ್ನ ಸ್ಕೂಲಿ ಆತನಿಗೆ ಗುಪ್ತವಾಗಿ ಉನ್ನತ ಪದವಿಯೊಂದನ್ನು ನೀಡಿದನೆಂಬ ವದಂತಿಯೂ ಹಬ್ಬಿತು. ಅದೇ ವರ್ಷ ಸ್ಕೂಲಿ ದಂಗೆಯೆದ್ದು ೧೨೪೦ರಲ್ಲಿ ಕೊಲ್ಲಲ್ಪಟ್ಟ. ಸ್ನೋರಿಯನ್ನು ನಾರ್ವೆಗೆ ಕಳುಹಿಸಬೇಕು, ಇಲ್ಲವೇ ಕೊಲ್ಲಬೇಕು ಎಂದು ಅರಸ ಗಿಸುರ್‌ಗೆ ಆಜ್ಞೆ ಕಳುಹಿಸಿದ.

೧೨೪೧ರ ಬೇಸಿಗೆಯಲ್ಲಿ ಹಾಲ್‌ವೇಗ್ ತೀರಿಕೊಂಡಳು. ಅವಳ ಮೊದಲ ಮದುವೆಯ ಗಂಡುಮಕ್ಕಳು ಆಸ್ತಿಯಲ್ಲಿ ಪಾಲು ಕೇಳಿದರು. ಸ್ನೋರಿ ಪೂರ್ಣವಾಗಿ ಒಪ್ಪಲಿಲ್ಲ. ಅವರು ತಮ್ಮ ಚಿಕ್ಕಪ್ಪನಾದ ಗಿಸುರ್‌ನ ಬಳಿಗೆ ಹೋದರು. ಅಪಾಯವನ್ನು ಸೂಚಿಸುವ ಪತ್ರವೊಂದು ಸ್ನೋರಿಗೆ ಬಂದಿತ್ತೆಂದೂ, ಅದು ಗೂಢಲಿಪಿಯಲ್ಲಿದ್ದುದರಿಂದ ಆತನಿಗೂ ಜೊತೆಯಲ್ಲಿದ್ದವರಿಗೂ ಓದಲು ಆಗಲಿಲ್ಲವೆಂದೂ ಚರಿತ್ರೆ ತಿಳಿಸುತ್ತದೆ.

೨೩ ಸೆಪ್ಟೆಂಬರ್ ೧೨೪೧ರ ರಾತ್ರಿ ಗಿಸುರ್ ದೊಡ್ಡ ತಂಡದೊಡನೆ ರೇಕ್‌ಹೋಲ್ಟ್‌ಗೆ ಬಂದ. ಮಲಗಿದ್ದ ಸ್ನೋರಿ ಎದ್ದು ನೆಲಮಾಳಿಗೆಯಲ್ಲಿ ಅಡಗಿಕೊಂಡ. ಐವರು ಕೆಳಗಿಳಿದರು. ಅವರಲ್ಲೊಬ್ಬ ಹೊಡೆಯುವಂತೆ ಆಜ್ಞಾಪಿಸಿದ. ಹೊಡೆಯಕೂಡದೆಂದು ಸ್ನೋರಿ ಎರಡು ಬಾರಿ ಹೇಳಿದರೂ ಆರ್ನಿ ಎಂಬವನು ಮಾರಣಾಂತಿಕ ಏಟು ಹಾಕಿದ. ಆಗ ಸ್ನೋರಿಗೆ ಅರುವತ್ತೆರಡು ವರ್ಷ. ಕಾನೂನನ್ನು ಹೇಳುವ ಪದವಿಯಲ್ಲಿ ಹತ್ತಾರು ವರ್ಷ ಇದ್ದವನಿಗೆ ವಿಚಾರಣೆಯೇ ದೊರೆಯಲಿಲ್ಲ.

ಸೇಡು ಅಲ್ಲಿಗೆ ನಿಲ್ಲಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಓರೇಕ್ಯನು ಹಾಲ್‌ವೇಗಳ ಮಗ ಕ್ಲೇಂಗ್‌ನನ್ನು ಕೊಂದ. ೧೨೫೩ರಲ್ಲಿ ಶತ್ರುಗಳು ಗಿಸುರ್‌ನ ಮನೆಗೆ ಬೆಂಕಿಯಿಟ್ಟಾಗ ಅವನ ಹೆಂಡತಿ ಮತ್ತು ಮಕ್ಕಳು ಸತ್ತರು, ಅವನು ಮಾತ್ರ ಉಳಿದ. ಸ್ನೋರಿಯನ್ನು ಹೊಡೆದ ಆರ್ನಿಯೂ ಅಲ್ಲಿಯೇ ಹತನಾದ. ೧೨೬೨ರಿಂದ ೧೨೬೪ರ ನಡುವೆ ಐಸ್‌ಲ್ಯಾಂಡಿನ ನಾಯಕರು ನಾರ್ವೆಯ ಅಧೀನತೆಯನ್ನು ಒಪ್ಪಿಕೊಂಡರು. ದ್ವೀಪವು ಮತ್ತೆ ಗಣರಾಜ್ಯವಾದದ್ದು ೧೯೪೪ರಲ್ಲಿ.

ವ್ಯಕ್ತಿತ್ವ ಮತ್ತು ವಿಮರ್ಶೆ

ಸ್ನೋರಿಯ ಜೀವನಕ್ಕೆ ಮುಖ್ಯ ಆಧಾರ ಆತನ ಅಣ್ಣ ಥೋರ್ಡ್‌ನ ಮಗ ಸ್ಟುರ್ಲ ಥೋರ್ಡರ್ಸನ್ (೧೨೧೪–೧೨೮೪) ಬರೆದ ಐಸ್‌ಲ್ಯಾಂಡರ ಚರಿತ್ರೆ. ಚಿಕ್ಕಪ್ಪನನ್ನು ಹತ್ತಿರದಿಂದ ಬಲ್ಲ ಈ ಲೇಖಕನು ಆತನ ದೋಷಗಳನ್ನು ಮುಚ್ಚಿಟ್ಟಿಲ್ಲ. ಧನದಾಸೆ, ಚಂಚಲ ನಿಷ್ಠೆ, ಯುದ್ಧದಲ್ಲಿ ಹಿಂಜರಿಕೆ, ಮಕ್ಕಳ ವಿಷಯದಲ್ಲಿ ಕೈ ಬಿಗಿ ಹಿಡಿದದ್ದು ಇವೆಲ್ಲವೂ ಅಲ್ಲಿ ಕಾಣಸಿಗುತ್ತವೆ. ರಗ್ನರಾಕ್‌ಗೆ ಮುನ್ನ ಅಣ್ಣತಮ್ಮಂದಿರು ಲೋಭದಿಂದ ಪರಸ್ಪರ ಕೊಲ್ಲುವರೆಂದು ಎಡ್ಡದಲ್ಲಿ ಬರೆದವನ ಮನೆತನದಲ್ಲಿಯೇ ಅದು ನಡೆದುಹೋಯಿತು.

ಪುರಾಣದ ಆಧಾರವಾಗಿ ಸ್ನೋರಿಯನ್ನು ಎಷ್ಟು ನಂಬಬಹುದೆಂಬುದು ಇನ್ನೊಂದು ಪ್ರಶ್ನೆ. ಆತ ಕ್ರೈಸ್ತ, ಬರೆದದ್ದು ಮತಾಂತರವಾಗಿ ಎರಡು ಶತಮಾನಗಳ ಮೇಲೆ. ಕಥೆಗಳಿಗೆ ಹೊಂದಿಕೆ ತರಲು ಸ್ವಂತವಾಗಿ ಸೇರಿಸಿದ ಅಂಶಗಳೂ ಇರಬಹುದು. ಆದರೆ ತನ್ನ ಮಾತಿಗೆ ಆಧಾರವಾಗಿ ಆತ ಹಳೆಯ ಪದ್ಯಗಳನ್ನು ಹೇರಳವಾಗಿ ಉದಾಹರಿಸಿದ್ದಾನೆ. ಅವುಗಳಲ್ಲಿ ಎಷ್ಟೋ ಪದ್ಯಗಳು ಬೇರೆಲ್ಲಿಯೂ ಉಳಿದಿಲ್ಲ. ಪದ್ಯರೂಪದ ಎಡ್ಡದ ಮುಖ್ಯ ಹಸ್ತಪ್ರತಿ ಸಿದ್ಧವಾದದ್ದು ಆತನ ಮರಣಾನಂತರ, ೧೨೭೦ರ ದಶಕದಲ್ಲಿ. ಅದು ವಿದ್ವಾಂಸರ ಗಮನಕ್ಕೆ ಬಂದದ್ದು ೧೬೪೩ರಲ್ಲಿ.

ಪ್ರಭಾವ

ಹೈಮ್ಸ್‌ಕ್ರಿಂಗ್ಲದ ಅನುವಾದ ೧೬೩೩ರಲ್ಲಿ ಅಚ್ಚಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಜನ ತಮ್ಮ ರಾಷ್ಟ್ರೀಯತೆಯನ್ನು ಕಂಡುಕೊಳ್ಳಲು ಈ ಗ್ರಂಥ ನೆರವಾಯಿತು. ೧೮೯೯ರ ಸಚಿತ್ರ ಆವೃತ್ತಿ ಅಲ್ಲಿ ಮನೆಮಾತಾಯಿತು. ಒಮ್ಮೆ ನಾರ್ವೆಯ ಅರಸನ ಆಜ್ಞೆಯಿಂದ ಕೊಲೆಯಾದವನ ಪ್ರತಿಮೆಯನ್ನು ನಾರ್ವೆಯ ಜನರೇ ರೇಕ್‌ಹೋಲ್ಟ್‌ಗೆ ಕಾಣಿಕೆಯಾಗಿ ನೀಡಿದರು. ಗುಸ್ತಾವ್ ವಿಗೆಲ್ಯಾಂಡ್ ರಚಿಸಿದ ಈ ಪ್ರತಿಮೆಯನ್ನು ೧೯೪೭ರಲ್ಲಿ ಅನಾವರಣಗೊಳಿಸಲಾಯಿತು. ಸ್ನೋರಿಯ ಹೆಸರಿನ ಅಧ್ಯಯನ ಕೇಂದ್ರವೂ ಅಲ್ಲಿದೆ.

ಜರ್ಮನ್ ಸಂಗೀತಕಾರ ರಿಚರ್ಡ್ ವಾಗ್ನರ್‌ನ ಗೀತನಾಟಕಗಳಿಗೆ ಎಡ್ಡವೂ ಒಂದು ಆಕರ. ಇಂಗ್ಲಿಷ್ ಕಾದಂಬರಿಕಾರ ಟೋಲ್ಕಿನ್‌ನ ಗ್ಯಾಂಡಾಲ್ಫ್ ಮುಂತಾದ ಹೆಸರುಗಳು ಸ್ನೋರಿಯೂ ಉದ್ಧರಿಸಿರುವ ಕುಳ್ಳರ ನಾಮಾವಳಿಯಲ್ಲಿವೆ. ಕ್ರೆಸಿಡಾ ಕವೆಲ್‌ರ ಮಕ್ಕಳ ಪುಸ್ತಕಗಳನ್ನು ಆಧರಿಸಿ ೨೦೧೦ರಲ್ಲಿ ಬಂದ ಹೌ ಟು ಟ್ರೇನ್ ಯುವರ್ ಡ್ರ್ಯಾಗನ್ ಚಲನಚಿತ್ರದಲ್ಲಿಯೂ, ೨೦೧೨ರಿಂದ ಪ್ರಸಾರವಾದ ಅದರ ಅನಿಮೇಷನ್ ಸರಣಿಯಲ್ಲಿಯೂ ವೈಕಿಂಗರು ಓಡಿನ್ ಮತ್ತು ಥೋರ್‌ರ ಹೆಸರು ಹೇಳುತ್ತಾರೆ. ಮನುಷ್ಯನಿಗೆ ಗೆಳೆಯನಾಗುವ ಡ್ರ್ಯಾಗನ್ ಆಧುನಿಕ ಕಲ್ಪನೆ, ಸ್ನೋರಿಯಲ್ಲಿ ಅದಿಲ್ಲ. ಆದರೆ ಮೊದಲ ಚಿತ್ರದ ಕೊನೆಯಲ್ಲಿ ಕಾಲು ಕಳೆದುಕೊಂಡು ಪ್ರಬುದ್ಧನಾಗುವ ಬಾಲನಾಯಕ ಹಿಕಪ್‌ನನ್ನು, ಕಣ್ಣು ಕೊಟ್ಟು ಜ್ಞಾನ ಪಡೆದ ಓಡಿನ್ ಮತ್ತು ಕೈ ಕೊಟ್ಟು ಇತರರನ್ನು ಕಾಪಾಡಿದ ಟೀರ್‌ರ ಸಾಲಿನಲ್ಲಿ ನೋಡಲು ಸಾಧ್ಯವಿದೆ. ಆ ದೇವತೆಗಳ ಕಥೆಗಳು ಇಂದಿನ ಮಕ್ಕಳವರೆಗೆ ಬಂದು ಮುಟ್ಟಲು ರೇಕ್‌ಹೋಲ್ಟ್‌ನ ಈ ಲೇಖಕನ ಪುಸ್ತಕ ಮುಖ್ಯ ಕಾರಣವಾಗಿದೆ.